ಎಡಕ್ಕೆ ಹಸಿರು, ಬಲಕ್ಕೆ ಬಿಳಿ

ಆಸ್ಪತ್ರೆಯ ಹಿಂದಿನ ಕಟ್ಟಡಕ್ಕೆ ಬೆಳಕು ತಡವಾಗಿ ಬರುತ್ತದೆ. ಎರಡನೇ ಮಹಡಿಯ ಕಾರಿಡಾರಿನ ಕೊನೆಯಲ್ಲಿ ಎದುರುಬದುರಾಗಿ ಎರಡು ಸಣ್ಣ ಕೋಣೆಗಳಿವೆ. ಒಂದರ ಬಾಗಿಲ ಹಿಡಿಗೆ ಹಸಿರು ಟೇಪು, ಇನ್ನೊಂದಕ್ಕೆ ಬಿಳಿ. ಹಸಿರು ಕೋಣೆಯಲ್ಲಿ ನಡುವಯಸ್ಸಿನ ಹೆಂಗಸೊಬ್ಬರು ಮೇಜು ಒರೆಸುತ್ತಿದ್ದಾರೆ. ಒರೆಸಿದ ಬಟ್ಟೆಯನ್ನು ಅಲ್ಲೇ ಬಿಡುತ್ತಾರೆ, ಏಪ್ರನ್ ಬಿಚ್ಚಿ ಅಲ್ಲೇ ನೇತುಹಾಕುತ್ತಾರೆ, ಚಪ್ಪಲಿಯನ್ನೂ ಅಲ್ಲೇ ಕಳಚುತ್ತಾರೆ. ಹೊಸ್ತಿಲಾಚೆ ಇಟ್ಟ ಹಳೆಯ ರಬ್ಬರ್ ಚಪ್ಪಲಿ ಮೆಟ್ಟಿ ಕಾರಿಡಾರ್ ದಾಟಿ, ಬಿಳಿ ಕೋಣೆಯ ಹೊಸ್ತಿಲಲ್ಲಿ ಅದನ್ನೂ ಬಿಟ್ಟು ಮೂರನೇ ಜೊತೆಗೆ ಕಾಲು ತೂರಿಸುತ್ತಾರೆ. ಅಲ್ಲಿ ಬೇರೆ ಬಟ್ಟೆ, ಬೇರೆ ಏಪ್ರನ್. ಮತ್ತೆ ಮೇಜು ಒರೆಸುವುದು.

“ನಾಲ್ಕು ಹೆಜ್ಜೆ ದಾಟೋಕೆ ಮೂರು ಜೊತೆ ಚಪ್ಪಲಿ. ನಮ್ಮತ್ತೆಗೆ ಹೇಳಿದ್ರೆ, ‘ಮಹಾರಾಣಿಗೂ ಇಷ್ಟಿರಲಿಲ್ಲ ಬಿಡು’ ಅಂದ್ರು,” ಎಂದು ನಗುತ್ತಾರೆ.

ಇಲ್ಲಿ ಎಲ್ಲರೂ ಇವರನ್ನು ಕರೆಯುವುದು ಎಡಬಲದಕ್ಕ ಎಂದು. ಸಂಬಳದ ಪಟ್ಟಿಯಲ್ಲಿರುವ ಹೆಸರಿನಿಂದ ಯಾರಾದರೂ ಕೂಗಿದರೆ ತಿರುಗಿ ನೋಡಲು ಒಂದು ಗಳಿಗೆ ತಡವಾಗುತ್ತದಂತೆ. ಇವರ ಕೆಲಸ ಕೀಲುಗಳಿಗೆ ಸಂಬಂಧಿಸಿದ್ದು. ಸಂಧಿವಾತದಿಂದ ಹಾಳಾದ ಮಂಡಿಯನ್ನು ತೆಗೆದು ಹೊಸ ಮಂಡಿ ಕೂರಿಸುವಾಗ, ಕೀಲಿನ ಒಳಪೊರೆಯನ್ನೂ ವೈದ್ಯರು ತೆಗೆಯುತ್ತಾರೆ. ರೋಗಿ ಒಪ್ಪಿ ಸಹಿ ಹಾಕಿದ್ದರೆ ಆ ಪೊರೆ ಕಸದ ಬುಟ್ಟಿಗೆ ಹೋಗುವುದಿಲ್ಲ, ಐಸಿನ ಡಬ್ಬಿಯಲ್ಲಿ ಇವರ ಕೈಗೆ ಬರುತ್ತದೆ. ಅದರೊಳಗೆ ಅವಿತಿರುವ ಜೀವಕೋಶಗಳನ್ನು ಜೀವಂತವಾಗಿ ಬಿಡಿಸಿ ಕೊಡುವುದು ಅಕ್ಕನ ಪಾಲಿನ ಕೆಲಸ.

ಗೋಡೆಯ ಫೋನು ಬಡಿದುಕೊಳ್ಳುತ್ತದೆ. ಮೊದಲ ಆಪರೇಷನ್ ಶುರುವಾಗಿದೆ. ಅಕ್ಕ ಐಸು ತುಂಬಿದ ಡಬ್ಬಿ ಎತ್ತಿಕೊಂಡು ಮುಂದಿನ ಕಟ್ಟಡಕ್ಕೆ ನಡೆಯುತ್ತಾರೆ. ಥಿಯೇಟರಿನ ಬಾಗಿಲು ಒಂದು ಮೊಳ ತೆರೆದು, ಕಣ್ಣಷ್ಟೇ ಕಾಣುವ ಸಿಸ್ಟರ್ ಒಬ್ಬರು ಸೀಸೆ ಚಾಚುತ್ತಾರೆ. ಅಕ್ಕ ತಕ್ಷಣ ಈಸಿಕೊಳ್ಳುವುದಿಲ್ಲ. ಬಗ್ಗಿ ತಮ್ಮ ಎಡ ಮಂಡಿಯನ್ನು ಬಲಗೈಯಿಂದ ತಟ್ಟುತ್ತಾರೆ. ಸಿಸ್ಟರ್ ಕೂಡ ಬಾಗಿಲೊಳಗೆ ನಿಂತೇ ತಮ್ಮ ಎಡ ಮಂಡಿಯನ್ನು ಮೊಣಕೈಯಿಂದ ಮುಟ್ಟುತ್ತಾರೆ.

“ಎಡ,” ಎನ್ನುತ್ತಾರೆ ಸಿಸ್ಟರ್.

“ಎಡ,” ಎನ್ನುತ್ತಾರೆ ಅಕ್ಕ. ಹಸಿರು ಮುಚ್ಚಳದ ಸೀಸೆ ಐಸಿಗಿಳಿಯುತ್ತದೆ.

“ಮೊದಮೊದಲು ನಾಚಿಕೆ ಆಗ್ತಿತ್ತು ಕಣ್ರೀ,” ಎಂದು ಸಿಸ್ಟರ್ ಆಮೇಲೆ ಹೊರಗೆ ಸಿಕ್ಕಾಗ ಹೇಳುತ್ತಾರೆ. “ಒಳಗಿರೋ ಡಾಕ್ಟ್ರು, ‘ಏನ್ರೀ ಇದು, ಬಾಗಿಲಲ್ಲಿ ಇಬ್ಬರೂ ಕುಣಿತೀರಾ?’ ಅಂದ್ರು. ಈಗ ಅಭ್ಯಾಸ ಆಗಿಬಿಟ್ಟಿದೆ. ಮನೇಲಿ ಕಪಾಟಿನ ಎಡಗಡೆ ಬಾಗಿಲು ತೆಗೆಯೋವಾಗ್ಲೂ ಮಂಡಿ ಮುಟ್ಕೋತೀನಿ.”

ಈ ಕುಣಿತಕ್ಕೆ ಕಾರಣವಿದೆ. ಅಂಗಾತ ಮಲಗಿದ ರೋಗಿಯ ಕಾಲಬುಡದಲ್ಲಿ ನಿಂತವರಿಗೆ ರೋಗಿಯ ಎಡಗಾಲು ಬಲಗಡೆ ಕಾಣುತ್ತದೆ. ಕೆಲವು ವರ್ಷಗಳ ಹಿಂದೆ ಯಾರೋ ಹಾಗೆ ನಿಂತು, ಕಂಡದ್ದನ್ನು ಕಂಡ ಹಾಗೆ ಚೀಟಿ ಅಂಟಿಸಿದರು. ರೋಗಿಗೆ ಹೆಚ್ಚು ನೋವಿದ್ದ ಕಾಲು ಯಾವುದು ಎಂಬ ವೈದ್ಯರ ಮಾತಿಗೂ ಸೀಸೆಯ ಚೀಟಿಗೂ ತಾಳೆಯಾಗಲಿಲ್ಲ. ಯಾವುದು ಯಾವುದೆಂದು ಹೇಳಲು ಯಾರಿಗೂ ಧೈರ್ಯ ಬರಲಿಲ್ಲ. ಆ ಜೋಡಿ ಮಂಡಿಯ ಇಡೀ ಕೆಲಸ ಕಸವಾಯಿತು. ತೆಗೆದ ಮಂಡಿ ಮತ್ತೆ ಬೆಳೆಯುವುದಿಲ್ಲ, ಇನ್ನೊಮ್ಮೆ ಕೇಳಿ ತರುವಂತಿಲ್ಲ. ಅಂದಿನಿಂದ ಅಕ್ಕನ ಕಾನೂನು ಒಂದೇ: ಎಡ ಅಂದರೆ ನನ್ನ ಎಡ. ನಾನೇ ಮಲಗಿದ್ದೇನೆ ಎಂದುಕೊಂಡು ಮುಟ್ಟಿ ನೋಡಬೇಕು.

ಹಸಿರು ಕೋಣೆಯ ಬಾಗಿಲು ಮುಚ್ಚುತ್ತದೆ. ಅಲ್ಲಿಯವರೆಗೆ ಬಸ್ಸಿನಲ್ಲಿ ಜಗಳವಾಡಿದವರ ಕಥೆ, ಅತ್ತೆಯ ಹೊಸ ಹಲ್ಲಿನ ಸೆಟ್ಟಿನ ಕಥೆ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳುತ್ತಿದ್ದ ಅಕ್ಕ ಒಮ್ಮೆಗೇ ಮಾತು ನಿಲ್ಲಿಸುತ್ತಾರೆ. ಮೊದಲು ಪೊರೆಯ ಒಂದು ಚೂರನ್ನು ಎತ್ತಿ, ಕತ್ತರಿ ತಾಗಿಸದೆ, ಪುಟ್ಟ ಸೀಸೆಗೆ ಹಾಕಿ ಘನೀಕರಿಸಲು ಇಡುತ್ತಾರೆ. ಉಳಿದದ್ದು ಒದ್ದೆಯಾದ ಗುಲಾಬಿ ಉಣ್ಣೆಯಂತಿದೆ. ಅದನ್ನು ಕತ್ತರಿಯಿಂದ ಸಣ್ಣಗೆ ಹೆಚ್ಚಿ, ಕರಗಿಸುವ ದ್ರಾವಣದಲ್ಲಿ ನೆನೆಸಿ, ಮೈ ಬಿಸಿಯಷ್ಟೇ ಬೆಚ್ಚಗಿರುವ ನೀರಿನ ತೊಟ್ಟಿಯಲ್ಲಿ ತೂಗಲು ಬಿಡುತ್ತಾರೆ. ತೊಟ್ಟಿ ತೊಟ್ಟಿಲಿನ ಹಾಗೆ ತೂಗುತ್ತದೆ. ಆಮೇಲೆ ಜರಡಿ. ಜರಡಿಯ ಕೆಳಗೆ ಇಳಿಯುವುದು ಅಕ್ಕಿ ತೊಳೆದ ನೀರಿನಂಥ ಮಬ್ಬು ದ್ರವ. ಆ ಮಬ್ಬಿನಲ್ಲಿ ಲಕ್ಷಗಟ್ಟಲೆ ಜೀವಕೋಶಗಳಿವೆ. ಕೋಣೆಯಲ್ಲಿ ಕೇಳುವುದು ತೊಟ್ಟಿಯ ಸದ್ದು ಮತ್ತು ಹನಿ ಅಳೆದು ಹಾಕಲು ಅಕ್ಕನ ಹೆಬ್ಬೆರಳು ಒತ್ತುವ ಪಿಪೆಟ್ಟಿನ ಟಿಕ್ ಟಿಕ್. ಕೊನೆಯ ಸೀಸೆಗೆ ಮುಚ್ಚಳ ಬೀಳುವವರೆಗೂ ತುಟಿ ಬಿಚ್ಚುವುದಿಲ್ಲ.

ಮಾಸ್ಕ್ ಇರುವಾಗ ಇಷ್ಟು ಮೌನ ಯಾಕೆ ಎಂದು ಆಮೇಲೆ ಕೇಳಿದರೆ ಮತ್ತೆ ಮಾತಿನ ಕಟ್ಟೆ ಒಡೆಯುತ್ತದೆ. “ಮಾಸ್ಕ್ ಇದ್ರೂ ನನ್ನ ಬಾಯಿ ಎಂಥದ್ದು ಅಂತ ನಂಗೆ ಗೊತ್ತಲ್ಲ! ಒಂದು ಹನಿ ಉಗುಳು ಹಾರಿದ್ರೆ ಅದ್ರಲ್ಲಿ ನನ್ನ ಜೀವಕೋಶ ಇರುತ್ತೆ. ಯಾರದ್ದೋ ಮಂಡಿಯೊಳಗೆ ನನ್ನ ಸಂಸಾರ ಸಿಕ್ಕಿದ್ರೆ ಏನ್ ಕಥೆ ಹೇಳಿ. ಅದೂ ಅಲ್ದೆ ಮಾತಾಡ್ತಾ ಇದ್ರೆ ಕೈ ಎಲ್ಲಿತ್ತು ಅಂತ ಮರೀತೀನಿ.”

ಹುಡುಕುತ್ತಿರುವುದೂ ಸಂಸಾರಗಳನ್ನೇ. ಸಂಧಿವಾತದಲ್ಲಿ ಹಲವು ಬಗೆ. ವಯಸ್ಸಾಗಿ ಕೀಲು ಸವೆಯುವುದು ಒಂದು. ಇಲ್ಲಿ ನೋಡುತ್ತಿರುವುದು ರುಮಟಾಯ್ಡ್ ಎಂಬ ಬಗೆ. ಇದರಲ್ಲಿ ಬೇಲಿಯೇ ಎದ್ದು ಹೊಲ ಮೇಯುತ್ತದೆ: ರೋಗದಿಂದ ಕಾಯಬೇಕಾದ ದೇಹದ ಕಾವಲು ಪಡೆ ತನ್ನದೇ ಕೀಲಿನ ಮೇಲೆ ತಿರುಗಿ ಬೀಳುತ್ತದೆ. ಆ ಪಡೆಯಲ್ಲಿ ಟಿ ಜೀವಕೋಶ ಎಂಬುವು ಮುಖ್ಯ. ಪ್ರತಿ ಟಿ ಜೀವಕೋಶದ ಮೈಮೇಲೂ ಹೊರಗಿನದನ್ನು ಗುರುತು ಹಿಡಿಯುವ ಒಂದು ಗ್ರಾಹಕವಿದೆ. ಅದರ ವಿನ್ಯಾಸ ಮೊದಲೇ ಬರೆದಿಟ್ಟದ್ದಲ್ಲ. ಜೀನುಗಳ ತುಣುಕುಗಳ ರಾಶಿಯಿಂದ ಕೆಲವನ್ನು ಆಯ್ದು ಜೋಡಿಸಿ ಮಾಡಿದ್ದು.

ಅಕ್ಕ ಇದನ್ನು ಅತ್ತೆಗೆ ಹೇಳಿಕೊಟ್ಟ ರೀತಿಯೇ ಸುಲಭ. “ಟೈಲರ್ ಅಂಗಡೀಲಿ ತುಂಡು ಬಟ್ಟೆ ರಾಶಿ ಇರುತ್ತಲ್ಲ. ಒಂದೊಂದು ಜೀವಕೋಶವೂ ಹುಟ್ಟೋವಾಗ ಆ ರಾಶಿಗೆ ಕೈ ಹಾಕಿ ಒಂದು ತೋಳು, ಒಂದು ಕಾಲರ್ ಎತ್ಕೊಂಡು ಅಂಗಿ ಹೊಲ್ಕೊಳ್ಳುತ್ತೆ. ಒಬ್ಬರ ಅಂಗಿ ಇನ್ನೊಬ್ಬರದ್ದಕ್ಕೆ ಹೋಲೋದು ಅಪರೂಪ. ಆದ್ರೆ ಅದರ ಮಕ್ಕಳು ಮರಿಮಕ್ಕಳು ಎಲ್ಲಾ ಅದೇ ಅಂಗೀಲೇ ಹುಟ್ತವೆ. ಅಂಗಿ ನೋಡಿದ್ರೆ ಯಾರ ಮನೆಯವರು ಅಂತ ಗೊತ್ತಾಗುತ್ತೆ.”

ಅತ್ತೆ ಏನಂದರು? “‘ಮನೆ ಹಾಳು ಮಾಡೋರಿಗೆ ಅಂಗಿ ಬೇರೆ ಕೇಡು’ ಅಂದ್ರು.”

ನೋಯುವ ಕೀಲಿನಲ್ಲಿ ಯಾವ ಅಂಗಿಯ ಮನೆತನಗಳು ಬೆಳೆದು ಗುಂಪು ಕಟ್ಟಿವೆ ಎಂಬುದು ಪ್ರಯೋಗಾಲಯದ ಪ್ರಶ್ನೆ. ಎರಡನೆಯದು ಇನ್ನೂ ಕುತೂಹಲದ್ದು: ಒಬ್ಬರದೇ ಎರಡೂ ಮಂಡಿಗಳಲ್ಲಿ ಒಂದೇ ಮನೆತನಗಳು ಸಿಗುತ್ತವೆಯೆ? ಸಿಕ್ಕರೆ, ಅವು ದಾರಿ ತಪ್ಪಿ ಬಂದ ಜಾತ್ರೆಯ ಜನವಲ್ಲ, ಎರಡೂ ಕಡೆ ಅವನ್ನೇ ಕರೆಯುತ್ತಿರುವುದು ಏನೋ ಇದೆ ಎಂದು ಅನುಮಾನಿಸಬಹುದು. ಔಷಧಿಯ ಮಾತು ಇನ್ನೂ ದೂರ. ಮೊದಲು ಕರೆದವರು ಯಾರು ಎಂದು ತಿಳಿಯಬೇಕು.

ಎಡಬಲದ ಪಾಠ ಅಕ್ಕನಿಗೆ ಪ್ರಯೋಗಾಲಯದಲ್ಲಿ ಸಿಕ್ಕಿದ್ದಲ್ಲ. ತಂದೆಗೆ ಚಪ್ಪಲಿ ಅಂಗಡಿಯಿತ್ತು. ಹೊರಗೆ ತೂಗುಹಾಕುವುದು ಎಡಗಾಲಿನದು ಮಾತ್ರ. ಬಲಗಾಲಿನದು ಒಳಗೆ ಪೆಟ್ಟಿಗೆಯಲ್ಲಿ. “ಒಂಟಿ ಚಪ್ಪಲಿ ಯಾರೂ ಕದಿಯಲ್ಲ, ಅದಕ್ಕೆ. ಸಂಜೆ ಗಿರಾಕಿ ಜಾಸ್ತಿ ಆದಾಗ ಜೋಡಿ ಹುಡುಕಿ ಕೊಡೋದು ನನ್ನ ಕೆಲಸ. ಒಂದ್ಸಲ ಒಬ್ಬ ಅಜ್ಜಂಗೆ ಎರಡೂ ಎಡಗಾಲಿಂದೇ ಕಟ್ಟಿಕೊಟ್ಟುಬಿಟ್ಟೆ. ಮಾರನೇ ದಿನ ಬಂದು, ‘ಮಗಾ, ಚಪ್ಪಲಿ ಚೆನ್ನಾಗಿದೆ, ಇನ್ನೊಂದು ಎಡಗಾಲು ಯಾವಾಗ ಕೊಡ್ತೀಯ?’ ಅಂದ್ರು. ಅಪ್ಪ ಬೈಲಿಲ್ಲ. ಅಂಗಡಿ ಬಾಗಿಲು ಹಾಕೋವರೆಗೂ ನಗ್ತಾನೇ ಇದ್ರು.”

ಎದುರಿಗೆ ದೊಡ್ಡ ಅಂಗಡಿ ತೆರೆದ ಮೇಲೆ ತಂದೆಯ ಅಂಗಡಿ ಕ್ರಮೇಣ ಕತ್ತಲಾಯಿತು. ಮಗಳು ಹಗಲು ಅಲ್ಲಿ ಕೂತು, ಸಂಜೆ ಲ್ಯಾಬ್ ಟೆಕ್ನಿಷಿಯನ್ ಕೋರ್ಸಿಗೆ ಹೋದರು. ಕ್ಲಿನಿಕ್ಕಿನಲ್ಲಿ ರಕ್ತ ತೆಗೆಯುವ ಕೆಲಸ, ಆಮೇಲೆ ಇಲ್ಲಿ ತಾತ್ಕಾಲಿಕ ಹುದ್ದೆ. ತಾತ್ಕಾಲಿಕ ಎನ್ನುವುದು ಎಷ್ಟು ವರ್ಷ ಇತ್ತೆಂದರೆ, ಹುದ್ದೆ ಕಾಯಂ ಆದ ದಿನ ಅಕ್ಕನಿಗೇ ನಂಬಿಕೆ ಬರಲಿಲ್ಲವಂತೆ. ವಾರಕ್ಕೆ ಎರಡೋ ಮೂರೋ ಮಂಡಿ ಬರುತ್ತವೆ. ಒಂದೊಂದಕ್ಕೂ ಹೆಚ್ಚುಕಡಿಮೆ ಅರ್ಧ ದಿನ ಬೇಕು. ಪಿಪೆಟ್ ಒತ್ತಿ ಒತ್ತಿ ಹೆಬ್ಬೆರಳ ಬುಡ ನೋಯುತ್ತದೆ. “ಅತ್ತೆ ಹೇಳ್ತಾರೆ, ‘ಆ ಮೂಳೆಗಳನ್ನ ಮುಟ್ಟಿ ಮುಟ್ಟಿ ನಿಂಗೂ ಅಂಟಿಕೊಂಡಿದೆ’ ಅಂತ. ಅಂಟೋ ರೋಗ ಅಲ್ಲ ಅತ್ತೆ ಅಂದ್ರೆ, ‘ಎಲ್ಲಾ ನಿಂಗೇ ಗೊತ್ತು’ ಅಂದು ಆಮೇಲೆ ಅವ್ರೇ ಎಣ್ಣೆ ಬಿಸಿ ಮಾಡಿ ತಿಕ್ಕುತ್ತಾರೆ.”

ಗಂಡ ಸಿಟಿ ಬಸ್ಸಿನ ಡ್ರೈವರ್. ಹೆಂಡತಿಯನ್ನು ಕರೆದೊಯ್ಯಲು ಬಂದವರು ಗೇಟಿನ ಬಳಿ ದೂರು ಹೇಳುತ್ತಾರೆ. “ಇವಳನ್ನ ಪಕ್ಕದಲ್ಲಿ ಕೂರಿಸ್ಕೊಂಡು ದಾರಿ ಕೇಳಬಾರದು ಸ್ವಾಮಿ. ಎಡಕ್ಕೆ ತಿರುಗಲಾ ಅಂದ್ರೆ, ‘ಯಾರ ಎಡ?’ ಅಂತಾಳೆ.”

ಅಕ್ಕನ ನಗುವಿನ ಹಿಂದೆ ಈಗ ಒಂದು ಚಿಂತೆ ಇದೆ. ಅದು ಸೀಟಿ ಟೀಚರ್ ಮಂಡಿಗಳ ಚಿಂತೆ.

ಸೀಟಿ ಟೀಚರ್ ನಿವೃತ್ತ ಡ್ರಿಲ್ ಶಿಕ್ಷಕಿ. ಸಂಧಿವಾತ ಮೊದಲು ಬೆರಳಿಗೆ ಬಂದು ಆಮೇಲೆ ಮಂಡಿಗಿಳಿಯಿತು. ಸೀಟಿ ಹಿಡಿಯಲು ಬೆರಳು ಮಡಚದಾದಾಗ ಅದನ್ನು ಹಲ್ಲಲ್ಲಿ ಕಚ್ಚಿಕೊಂಡೇ ಊದಿದರು. ಮೈದಾನದಲ್ಲಿ ನಿಲ್ಲಲು ಆಗದಾದಾಗ ಕುರ್ಚಿ ಹಾಕಿಸಿಕೊಂಡು ಕೂತು ಮಕ್ಕಳನ್ನು ಎಡ-ಬಲ, ಎಡ-ಬಲ ನಡೆಸಿದರು. ಅವರ ಎರಡೂ ಮಂಡಿಗಳ ಆಪರೇಷನ್ ಒಂದೇ ದಿನ ಆಯಿತು. ಹಾಗಿದ್ದಾಗ ಒಂದು ಮಂಡಿಯನ್ನು ನೋಡಿಕೊಳ್ಳುವ ಅಕ್ಕನ ಸಹೋದ್ಯೋಗಿ ಅಂದು ರಜೆಯಲ್ಲಿದ್ದರು. ಬೆಳಗ್ಗೆ ಹಸಿರು ಕೋಣೆಯಲ್ಲಿ ಎಡ, ಮಧ್ಯಾಹ್ನದ ಮೇಲೆ ಬಿಳಿ ಕೋಣೆಯಲ್ಲಿ ಬಲ. ಎರಡನ್ನೂ ಅಕ್ಕ ಒಬ್ಬರೇ ಮಾಡಿದರು.

ಜೀನುಗಳನ್ನು ಓದಿದ ಫಲಿತಾಂಶ ಬಂದಾಗ, ಎರಡೂ ಮಂಡಿಗಳಲ್ಲಿ ಗುಂಪು ಕಟ್ಟಿದ ಎಲ್ಲಕ್ಕಿಂತ ದೊಡ್ಡ ಮನೆತನಗಳು ಒಂದೇ ಆಗಿದ್ದವು. ಅದೇ ತೋಳು, ಅದೇ ಕಾಲರ್, ಅದೇ ಹೊಲಿಗೆ. ಎಲ್ಲರೂ ಕಾದಿದ್ದ ಉತ್ತರ. ತೊಡಕು ಅಲ್ಲಿಯೇ ಇತ್ತು. ಎಡದ ಒಂದು ತೊಟ್ಟು ಬಲಕ್ಕೆ ಬಿದ್ದಿದ್ದರೂ ಮೇಲುನೋಟಕ್ಕೆ ಇದೇ ಉತ್ತರ ಬರುತ್ತಿತ್ತು.

ಪ್ರಯೋಗಾಲಯದ ಮುಖ್ಯಸ್ಥರು ಮಿತಭಾಷಿ. ಫಲಿತಾಂಶದ ಹಾಳೆ ಮೇಜಿನ ಮೇಲಿಟ್ಟರು, ಕನ್ನಡಕ ತೆಗೆದು ಒರೆಸಿದರು, ಅಕ್ಕನ ಕಡೆ ನೋಡಿದರು. ಏನೂ ಕೇಳಲಿಲ್ಲ. ಆ ಕೇಳದೇ ಇದ್ದದ್ದು ಕೋಣೆಯಲ್ಲಿದ್ದವರಿಗೆಲ್ಲ ಕೇಳಿಸಿತು.

“ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರಂತೆ,” ಎನ್ನುತ್ತಾರೆ ಅಕ್ಕ. “ನಾನು ಮಂಡಿ ಮುಟ್ಟಿ ನೋಡ್ಕೊಂಡೆ. ಎಡ ಮುಟ್ಟಿದ್ದೆ, ಬಲ ಮುಟ್ಟಿದ್ದೆ, ಚಪ್ಪಲಿ ಬದಲಾಯಿಸಿದ್ದೆ. ಎಲ್ಲಾ ನೆನಪಿದೆ. ಆದ್ರೂ ನಡುರಾತ್ರಿ ಎಚ್ಚರ ಆಗುತ್ತೆ ನೋಡಿ. ಆ ಬಿಳಿ ಮುಚ್ಚಳದ ಸೀಸೆ ಮುಟ್ಟೋ ಮುಂಚೆ ಗ್ಲೌಸ್ ಬದಲಾಯಿಸಿದ್ನಾ ಅಂತ. ಬದಲಾಯಿಸಿದ್ದೆ. ಆದ್ರೂ.”

ಮುಖ್ಯಸ್ಥರ ಮಾತು ಬೇರೆ. “ಅವರ ಮೇಲೆ ಅನುಮಾನ ಅಲ್ಲ. ನಮಗೆ ಬೇಕಾದ ಉತ್ತರವೇ ಬಂದಾಗ ಇನ್ನೂ ಹೆಚ್ಚು ಹೆದರಬೇಕು, ಅಷ್ಟೇ.” ಕತ್ತರಿ ತಾಗುವ ಮೊದಲೇ ಅಕ್ಕ ಎತ್ತಿ ಘನೀಕರಿಸಿಟ್ಟ ಚೂರುಗಳು ಇನ್ನೂ ಇವೆ. ನಾಳೆಯ ಹೆಪ್ಪಿಗೆಂದು ಒಂದು ಚಮಚ ಮೊಸರು ಉಳಿಸುವಂತೆ ಪ್ರತಿ ಮಂಡಿಯಿಂದಲೂ ಎತ್ತಿಡುವುದು ಇಲ್ಲಿನ ಪದ್ಧತಿ. ಅವನ್ನು ಸಹೋದ್ಯೋಗಿ ಬೇರೆ ಬೇರೆ ದಿನ ಹೊರತೆಗೆದು, ಜೀನುಗಳನ್ನು ಮೊದಲಿನಿಂದ ಓದಬೇಕು. ಅಕ್ಕ ಆ ದಿನಗಳಲ್ಲಿ ಎರಡೂ ಕೋಣೆಯ ಹೊಸ್ತಿಲು ತುಳಿಯಕೂಡದು. ಎರಡೂ ಓದು ತಾಳೆಯಾಗದಿದ್ದರೆ ಟೀಚರ್ ಮಂಡಿಗಳು ಲೆಕ್ಕದಿಂದ ಹೊರಗೆ.

“ಕಾರಿಡಾರಲ್ಲಿ ಕುರ್ಚಿ ಹಾಕ್ಕೊಂಡು ಕೂತಿದ್ರು,” ಎಂದು ಸಹೋದ್ಯೋಗಿ ನಗುತ್ತಾರೆ. “‘ಆ ಬಟ್ಟೆ ಹಸಿರು ಕೋಣೇದು ತಾನೇ? ಈ ಕಡೆ ತರಬೇಡ ತಾಯೀ’ ಅಂತ ಹೊರಗಿಂದ್ಲೇ ಕೂಗು. ಅಕ್ಕಾ, ನೀವು ಒಳಗಿರೋದೇ ವಾಸಿ, ಅಲ್ಲಾದ್ರೂ ಬಾಯಿ ಮುಚ್ಕೊಂಡಿರ್ತೀರಿ ಅಂದೆ.”

ಅದೇ ಕಾರಿಡಾರಿಗೆ, ಎರಡನೇ ಫಲಿತಾಂಶ ಬರುವ ಮೊದಲೇ, ವಾಕರ್ ಠಕ್ಕೆನಿಸುತ್ತಾ ಸೀಟಿ ಟೀಚರ್ ಬರುತ್ತಾರೆ. ಕೆಳಗಿನ ಮಹಡಿಯಲ್ಲಿ ವ್ಯಾಯಾಮ ಮುಗಿಸಿ ಲಿಫ್ಟ್ ಹತ್ತಿದ್ದಾರೆ. ಬೆಂಚಿನ ಮೇಲೆ ಕೂತು ಮೊದಲ ಪ್ರಶ್ನೆ ಹಾಕುತ್ತಾರೆ. “ಏನಮ್ಮಾ, ಕೆಲಸಕ್ಕೆ ಬಂದ್ವಾ ನನ್ನ ಹಳೇ ಮಂಡಿಗಳು?”

ಅಕ್ಕ ವಾಕರನ್ನು ಗೋಡೆಗೆ ಸರಿಸಿಡುತ್ತಾರೆ. “ನೋಡ್ತಾ ಇದೀವಿ ಟೀಚರ್.”

“ನೋಡ್ತಾ ಇದೀವಿ ಅನ್ನೋದು ಫೇಲ್ ಆದ ಮಕ್ಕಳು ಮನೇಲಿ ಹೇಳೋ ಮಾತು.”

“ಇಲ್ಲ ಟೀಚರ್, ಇನ್ನೊಂದ್ಸಲ ಓದ್ತಿದಾರೆ.”

“ಅದೂ ಅವರು ಹೇಳೋದೇ.” ಟೀಚರ್ ನಗುತ್ತಾರೆ. “ನೋಡಮ್ಮಾ, ಹೇಗಿದ್ರೂ ಎಸೆಯೋದು, ಕೊಡ್ತೀರಾ ಅಂತ ಕೇಳಿದ್ರು. ಸಹಿ ಹಾಕಿದೆ. ಎಸೆಯೋದನ್ನ ಕೊಟ್ರೆ ದಾನ ಆಗಲ್ಲ. ಕೆಲಸಕ್ಕೆ ಬಂದ್ರೆ ದಾನ. ಇಷ್ಟು ವರ್ಷ ಆ ಮಂಡಿಗಳು ನಂಗೆ ಕೊಟ್ಟಿದ್ದು ಬರೀ ನೋವು. ಯಾರಿಗಾದ್ರೂ ಬೇರೆ ಏನಾದ್ರೂ ಕೊಟ್ವು ಅಂತ ಗೊತ್ತಾದ್ರೆ ಅವುಗಳ ಮೇಲಿನ ಸಿಟ್ಟು ಹೋಗುತ್ತೆ.”

ವಾಕರಿನ ಸದ್ದು ಲಿಫ್ಟಿನೊಳಗೆ ಹೋಗುವವರೆಗೂ ಅಕ್ಕ ಅಲ್ಲೇ ನಿಂತಿರುತ್ತಾರೆ. ಅಂದು ಮಧ್ಯಾಹ್ನ ಬಸ್ಸಿನ ಕಥೆಯೂ ಇಲ್ಲ, ಅತ್ತೆಯ ಹಲ್ಲಿನ ಕಥೆಯೂ ಇಲ್ಲ.

ಎರಡನೇ ಭೇಟಿಗೆ ಹೋದಾಗ ನಗು ಮೆಟ್ಟಿಲವರೆಗೂ ಕೇಳಿಸುತ್ತಿದೆ. ಫಲಿತಾಂಶ ಹಿಂದಿನ ದಿನ ಬಂದಿದೆ. ಸಹೋದ್ಯೋಗಿಯ ಕೈಯಲ್ಲೂ ಅದೇ ಮನೆತನಗಳು ಎರಡೂ ಕಡೆ ಮೇಲೆದ್ದಿವೆ. ಜೊತೆಗೆ ಇನ್ನೊಂದು ಸಂಗತಿ: ಎಡ ಮಂಡಿಯಲ್ಲಿ ಮಾತ್ರ ಗುಂಪು ಕಟ್ಟಿದ ಒಂದು ದೊಡ್ಡ ಮನೆತನವಿದೆ, ಬಲದಲ್ಲಿ ಅದರ ಸುಳಿವಿಲ್ಲ. ಬಲದಲ್ಲಿ ಮಾತ್ರ ಇರುವ ಮತ್ತೊಂದಿದೆ, ಎಡದಲ್ಲಿ ಅದರ ಗಾಳಿಯೂ ಇಲ್ಲ. ಅಕ್ಕ ಮಾಡಿದ ಮೊದಲ ಸಲವೂ ಅವು ಹೀಗೆಯೇ ತಮ್ಮ ತಮ್ಮ ಕಡೆಯಲ್ಲೇ ಇದ್ದವು. ಒಂದೇ ಥರ ಇದ್ದದ್ದರ ಗದ್ದಲದಲ್ಲಿ ಬೇರೆ ಇದ್ದದ್ದರ ಕಡೆ ಯಾರ ಕಣ್ಣೂ ಹೋಗಿರಲಿಲ್ಲ.

ಅದನ್ನು ಕಂಡು ಮುಖ್ಯಸ್ಥರು ಅಪರೂಪಕ್ಕೆ ಮೂರು ವಾಕ್ಯ ಆಡಿದರಂತೆ. “ತೊಟ್ಟು ಬಿದ್ದಿದ್ದರೆ ಅದರೊಳಗೆ ಇದ್ದವರೆಲ್ಲ ಆಚೆ ಬರಬೇಕಿತ್ತು. ಕೆಲವರನ್ನ ಮಾತ್ರ ಆರಿಸಿಕೊಂಡು ಯಾವ ತೊಟ್ಟೂ ಬೀಳಲ್ಲ. ಇವರ ಕೈ ಶುದ್ಧ ಇತ್ತು.”

ಮೂರನೇ ವಾಕ್ಯವನ್ನು ಅಕ್ಕ ಅಂದು ಸಂಜೆಯೇ ಮನೆಯಲ್ಲಿ ಹೇಳಿದರಂತೆ. “ಅತ್ತೆ, ‘ಕೈ ಶುದ್ಧ ಇದ್ರೆ ಬಾ, ಪಾತ್ರೆ ಬಿದ್ದಿದೆ’ ಅಂದ್ರು!”

ಇಷ್ಟು ದಿನದ ದುಡಿಮೆಗೆ ಏನು ಬೇಕು ಎಂದು ಕೇಳಿದರೆ ಕಾರಿಡಾರಿನ ರಬ್ಬರ್ ಚಪ್ಪಲಿಯನ್ನು ಎತ್ತಿ ತೋರಿಸುತ್ತಾರೆ. ಎಡಗಾಲಿನದರ ಪಟ್ಟಿ ಕಿತ್ತು ಪಿನ್ನು ಚುಚ್ಚಿದೆ. “ಇದೊಂದು ಜೊತೆ ಹೊಸದು ಕೊಡಿಸಿದ್ರೆ ಸಾಕು. ಕೋಣೆಯವಕ್ಕೆ ಬೇಗ ಮಂಜೂರಾಗುತ್ತೆ. ಇದು ಯಾವ ಕೋಣೇದೂ ಅಲ್ವಲ್ಲ, ಯಾರೂ ಸಹಿ ಹಾಕಲ್ಲ. ಮುಂದಿನ ತಿಂಗಳಿಂದ ಕೈಬೆರಳಿನ ಕೀಲುಗಳೂ ಬರ್ತವಂತೆ. ಹತ್ತು ಬೆರಳು ಮುಟ್ಕೊಂಡು ಆ ಸಿಸ್ಟರ್ ಏನ್ ಕುಣೀತಾರೋ ನೋಡ್ಬೇಕು.”

ಮಾತು ಅಲ್ಲಿಗೆ ನಿಲ್ಲುತ್ತದೆ. ಲಿಫ್ಟಿನ ಬಾಗಿಲು ತೆರೆದಿದೆ. ಸೀಟಿ ಟೀಚರ್ ಹೊರಗೆ ಬರುತ್ತಾರೆ, ಕೈಯಲ್ಲಿ ಒಂದು ಕೋಲು ಮಾತ್ರ. ವಾಕರ್ ಇಲ್ಲ. ಈ ಸಲ ಪ್ರಶ್ನೆ ಕೇಳದೆ, ಕಾರಿಡಾರಿನ ಆ ತುದಿಯಲ್ಲೇ ನಿಂತು ಹುಬ್ಬು ಎತ್ತುತ್ತಾರೆ.

ರೋಗಿಗೆ ವಿವರ ಹೇಳುವಂತಿಲ್ಲ. ಒಂದು ಮಾತು ಹೇಳಬಹುದು ಎಂದು ಮುಖ್ಯಸ್ಥರು ಬೆಳಗ್ಗೆಯೇ ಒಪ್ಪಿಗೆ ಕೊಟ್ಟಿದ್ದಾರೆ. ಇಡೀ ದಿನ ಮಾತಾಡುವ ಅಕ್ಕ ಆ ಒಂದು ಮಾತಿಗೆ ಕೈಯಲ್ಲಿದ್ದ ಚಪ್ಪಲಿ ಕೆಳಗಿಟ್ಟು ನೆಟ್ಟಗೆ ನಿಲ್ಲುತ್ತಾರೆ.

“ಬಂದ್ವು ಟೀಚರ್. ಕೆಲಸಕ್ಕೆ ಬಂದ್ವು. ಎರಡೂ.”

ಟೀಚರ್ ಬಗ್ಗಿ ತಮ್ಮ ಹೊಸ ಮಂಡಿಗಳನ್ನು ಒಮ್ಮೆ ನೋಡಿಕೊಳ್ಳುತ್ತಾರೆ, ಹಳೆಯವುಗಳಿಗೆ ಸುದ್ದಿ ಮುಟ್ಟಿಸಿ ಎನ್ನುವ ಹಾಗೆ. ಆಮೇಲೆ ಬೆನ್ನು ನೆಟ್ಟಗೆ ಮಾಡಿ, ಕೋಲನ್ನು ಕಂಕುಳಿಗೆ ಸಿಕ್ಕಿಸಿ, ಗೋಡೆಗೆ ಒಂದು ಕೈ ಆನಿಸಿ ಲಿಫ್ಟಿನ ಕಡೆ ತಿರುಗಿ ಹೆಜ್ಜೆ ಎತ್ತುತ್ತಾರೆ.

ಅಕ್ಕನ ಬಲಗೈ ತಾನಾಗಿಯೇ ಕೆಳಗಿಳಿದು ಮಂಡಿ ಮುಟ್ಟುತ್ತದೆ.

“ಎಡ,” ಎನ್ನುತ್ತಾರೆ, ಮೆಲ್ಲಗೆ. ಟೀಚರ್ ಮುಂದಿಟ್ಟದ್ದೂ ಅದನ್ನೇ.